ರ‍್ಯಾಂಕ್ ಪರೀಕ್ಷೆ

ಡೆಬಿಯನ್ 13 ಎಂಬ ಲಿನಕ್ಸಿನ ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿದರೆ, ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿರುತ್ತದೆ. ಮೊನ್ನೆ ಬಂಡೂರಿನ ಮನೆಯಲ್ಲಿ ಹಳೇ ಲ್ಯಾಪ್‌ಟಾಪಿಗೆ ಇದನ್ನು ಹಾಕುವಾಗ ಆ ಸಾಲು ಕಂಡು ಮತ್ತೆ ಖುಷಿಯಾಯಿತು. ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿಕೊಂಡರೆ ಮಾತ್ರ ಈ ಭಾಗ್ಯ. ಬರೀ ಅಕ್ಷರದ ಪರದೆಗೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ ಮಳವಳ್ಳಿ, ಮದ್ದೂರು ಕಡೆಯ ಗೆಳೆಯರು ‘ಯಾವುದು ಹಾಕ್ಕೊಳ್ಳೋದು?’ ಎಂದು ಕೇಳುತ್ತಲೇ ಇದ್ದಾರೆ. ವಾರಕ್ಕೊಂದು ಲಿನಕ್ಸ್ ಡಿಸ್ಟ್ರೋ ಬದಲಿಸುವ ಪಂಡಿತರು ಅವರಿಗೆ ವಾಲ್‌ಪೇಪರ್ ತೋರಿಸುತ್ತಾರೆ, ಐಕಾನ್ ತೋರಿಸುತ್ತಾರೆ. ಬಂಡೂರು ಕುರಿ ಕೊಳ್ಳುವವರು ಬಣ್ಣ ನೋಡಿ ದುಡ್ಡು ಬಿಚ್ಚುತ್ತಾರೆಯೇ? ಬೆನ್ನಿನ ಮೇಲೆ ಕೈಯಿಟ್ಟು ನೋಡುತ್ತಾರೆ.

ನಾನು ಕೈಯಿಟ್ಟು ನೋಡುವುದು ‘ರ‍್ಯಾಂಕ್’ ಎಂದು ಟೈಪ್ ಮಾಡಿ. ‘ಕಾರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಯಕಾರದ ಪಕ್ಕ ಸರಿಯುತ್ತದೆ. ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿ ನಿಂತು, ಯಕಾರ ಅದರ ಒತ್ತಾಗಬೇಕು. ಯೂನಿಕೋಡಿನಲ್ಲಿ ಎರಡಕ್ಕೂ ಅವೇ ಅಕ್ಷರ. ರಕಾರದ ಬೆನ್ನಿಗೇ ಕಣ್ಣಿಗೆ ಕಾಣದ ಜೋಡಕವೊಂದು ಬಂದರೆ ರೂಪ ಬದಲಾಗುತ್ತದೆ. ಇದನ್ನು ಬಿಡಿಸಿ ಜೋಡಿಸುವುದು ಹಾರ್ಫ್‌ಬಝ್ ಎಂಬ ಲೈಬ್ರರಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡೂ ನೆಚ್ಚಿಕೊಂಡಿರುವುದು ಅದನ್ನೇ. ಹಾಗಾಗಿ ಒಳ್ಳೆಯ ಫಾಂಟ್ ಇದ್ದರೆ ಲಿನಕ್ಸಿನಲ್ಲಿ ಸರಿ ಬಂದದ್ದು ಯುನಿಕ್ಸ್ ಬಳಗದ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲೂ ಸರಿ ಬರುತ್ತದೆ.

ಇನ್ನು ಕೀಲಿಮಣೆ. ‘ಲಿನಕ್ಸಲ್ಲಿ ಕನ್ನಡ ಟೈಪಿಂಗ್ ಕಷ್ಟ’ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನುಡಿ ತಂತ್ರಾಂಶದಲ್ಲಿ ಕಲಿತ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಇಲ್ಲಿ ಮೊದಲೇ ಇದೆ. ‘ಎಫ್’ ಒತ್ತಿದರೆ ಒತ್ತಕ್ಷರ, ಅದೇ ಬೆರಳು, ಅದೇ ಜಾಗ. ಐಬಸ್‌ನಂಥ ಬೇರೆ ಟೈಪಿಂಗ್ ತಂತ್ರಾಂಶ ಕೂಡ ಬೇಡ. ಎಕ್ಸ್11 ಪರದೆಯಲ್ಲಾದರೆ ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂಬ ಒಂದೇ ಆಜ್ಞೆಗೆ ಅದು ಎದ್ದು ಬರುತ್ತದೆ, ಇನ್ನೊಂದು ಬಿಎಸ್‌ಡಿಯಾದ ಓಪನ್‌ಬಿಎಸ್‌ಡಿಯಲ್ಲೂ. ಅಷ್ಟಿದ್ದೂ ದುಡ್ಡು ಇಸಕೊಂಡು ಲಿನಕ್ಸ್ ಹಾಕಿಕೊಡುವವರು ಬರೀ ಇಂಗ್ಲಿಷ್ ಕೀಲಿಮಣೆ ಬಿಟ್ಟು ಹೋಗುತ್ತಾರೆ. ಮಗಳಿಗೆ ಕನ್ನಡದಲ್ಲಿ ಪತ್ರ ಬರೆಯಬೇಕೆಂದಿದ್ದ ಅಪ್ಪ ‘ಇದ್ರಲ್ಲಿ ಕನ್ನಡ ಇಲ್ವಂತೆ’ ಎಂದು ಲ್ಯಾಪ್‌ಟಾಪ್ ಮುಚ್ಚಿಡುತ್ತಾನೆ. ಇದು ಹಾಕಿಕೊಟ್ಟವರ ಸೋಮಾರಿತನ, ಬೇರೆ ಹೆಸರಿಲ್ಲ.

ಕನ್ನಡ ಎಲ್ಲ ಕಡೆ ಬರುತ್ತದೆ ಎಂದ ಮೇಲೆ ಯಾವುದನ್ನು ಹಾಕಿಕೊಳ್ಳುವುದು? ಓಪನ್‌ಬಿಎಸ್‌ಡಿ ನನಗೆ ಬಲು ಇಷ್ಟ. ಅದರ ಕೈಪಿಡಿ ಪುಟಗಳನ್ನು ಓದಲೆಂದೇ ಓದುತ್ತೇನೆ. ಆದರೆ ಅದರ ಫೈಲ್ ಸಿಸ್ಟಮ್ಮಿಗೆ, ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ಜರ್ನಲ್ ಇಲ್ಲ. ಬ್ಯಾಟರಿ ಸತ್ತ ಹಳೇ ಯಂತ್ರದಲ್ಲಿ ಕರೆಂಟು ಹೋದರೆ, ಮತ್ತೆ ಬಂದಾಗ ಡಿಸ್ಕನ್ನೆಲ್ಲ ತಡಕಿ ಸರಿಪಡಿಸಿಕೊಂಡೇ ಅದು ಏಳಬೇಕು. ಡೆಬಿಯನ್ನಿನ ಇಎಕ್ಸ್‌ಟಿ4 ಜರ್ನಲ್ ನೋಡಿಕೊಂಡು ಬೇಗ ಎದ್ದು ಕೂರುತ್ತದೆ. ಫ್ರೀಬಿಎಸ್‌ಡಿಯ ಝಡ್‌ಎಫ್‌ಎಸ್ ಹಳೆಯ ಬರಹದ ಮೇಲೆ ಕೈ ಇಡದೆ ಹೊಸ ಜಾಗದಲ್ಲಿ ಬರೆಯುವುದರಿಂದ ಇನ್ನೂ ಗಟ್ಟಿ. ರ‍್ಯಾಮ್ ಮಾತ್ರ ಧಾರಾಳವಾಗಿರಬೇಕು. ಅದೂ ಅಲ್ಲದೆ, 2023ರ ಡೆಬಿಯನ್ 12ರಿಂದ ವೈಫೈಗೆ ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರಿನ ಜೊತೆಯಲ್ಲೇ ಬರುತ್ತಿದೆ.

ಹಾಗಾಗಿ ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ಡೆಬಿಯನ್ನೇ ಸರಿ. ಬಿಎಸ್‌ಡಿಗಳನ್ನು ನಿಮ್ಮದೇ ಇನ್ನೊಂದು ಯಂತ್ರದಲ್ಲಿ ಮನಸಾರೆ ಆಡಿಸಿ. ಬೇರೆಯವರ ಮನೆಗೆ ಯಾವುದನ್ನೇ ಹಾಕಿಕೊಟ್ಟರೂ, ಏಳುವ ಮೊದಲು ಕಗಪ ಕೂರಿಸಿ, ಆ ಮನೆಯವರ ಕೈಯಲ್ಲೇ ‘ರ‍್ಯಾಂಕ್’ ಟೈಪ್ ಮಾಡಿಸಿ ನೋಡಿ.