ಪುರ್ತಗೇರಿಯ ಗುಡ್ಡಗಳಲ್ಲಿ ಬೇಸಗೆಯ ಹಕ್ಕಿಗಳು

ರೋಣದ ಸೀಮೆಯೆಂದರೆ ಕಣ್ಣು ಹಾಯುವವರೆಗೂ ಎರೆಭೂಮಿ. ಚಳಿಗಾಲದಲ್ಲಿ ಬಿಳಿಜೋಳ, ಕಡಲೆ, ಗೋದಿಗಳಿಂದ ತುಂಬಿ ತೂಗಿದ ಹೊಲಗಳು ಸುಗ್ಗಿ ಮುಗಿದೊಡನೆ ಬರಿದಾಗಿ, ವೈಶಾಖದ ಬಿಸಿಲಿಗೆ ಬಾಯ್ಬಿಟ್ಟು ಮಲಗುತ್ತವೆ. ಈ ಬಯಲಿನ ಅಂಚಿನಲ್ಲಿ ತಲೆಯೆತ್ತಿ ನಿಂತಿರುವುದು ಗಜೇಂದ್ರಗಡದ ಬೆಟ್ಟಸಾಲು. ಅದರ ನೆರೆಯ ಹಳ್ಳಿಯೇ ಪುರ್ತಗೇರಿ. 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದವು ಗಜೇಂದ್ರಗಡದ ಹೆಸರನ್ನು ಚರಿತ್ರೆಯ ಪುಟಗಳಿಗೆ ಸೇರಿಸಿತು. ಇಂದು ದೂರದಿಂದ ಬರುವವರ ಕಣ್ಣಿಗೆ ಕೋಟೆಗಿಂತ ಮೊದಲು ಬೀಳುವುವು ಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರಗಳು.

ಗದಗ ಜಿಲ್ಲೆಯಲ್ಲಿ ಹಕ್ಕಿಗಳನ್ನು ನೋಡಬೇಕೆಂದರೆ ಬಹುಮಂದಿ ಮಾಗಡಿ ಕೆರೆಯನ್ನು ಹೆಸರಿಸುತ್ತಾರೆ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳ ಆ ಬೀಡು 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಅವು ಚಳಿಗಾಲದ ಅತಿಥಿಗಳು. ಬಿಸಿಲೇರುವ ಮುನ್ನವೇ ತವರಿಗೆ ಮರಳುತ್ತವೆ. ಬೇಸಗೆಯನ್ನು ಇಲ್ಲಿಯೇ ಕಳೆಯಬೇಕಾದವು ಕುರುಚಲು ಗುಡ್ಡದ ಒಕ್ಕಲುಗಳು: ಬೇಲಿಯ ಮರೆಯಿಂದ ಕೂಗುವ ಗೌಜಲಕ್ಕಿ, ಬಂಡೆಯಿಂದ ಬಂಡೆಗೆ ಬಾಲವೆತ್ತಿ ಕುಪ್ಪಳಿಸುವ ಚಿಟ್ಟುಮಡಿವಾಳ, ಪೊದೆಯ ಪಿಕಳಾರ, ಸಂಜೆ ಕಲ್ಲುಗಳ ನಡುವಿನಿಂದ ಹೊರಬರುವ ಕೊಂಬಿನ ಗೂಬೆ.

ನೋಡಬಯಸುವವರು ನಸುಕಿನಲ್ಲಿಯೇ ಹೊರಡಬೇಕು. ಹತ್ತು ಗಂಟೆಯ ಹೊತ್ತಿಗೆ ಬಂಡೆ ಕಾಯುತ್ತದೆ. ಹಕ್ಕಿಗಳು ನೆರಳು ಸೇರಿ ಮೌನ ತಾಳುತ್ತವೆ. ಮತ್ತೆ ಅವು ಕಾಣುವುದು ಇಳಿಹೊತ್ತಿನಲ್ಲಿ, ಅದೂ ಹೆಚ್ಚಾಗಿ ನೀರಿನ ಬಳಿಯಲ್ಲಿ. ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಯ ಅಂತರಗಂಗೆ, ಮರದ ಬೇರುಗಳ ನಡುವಿನಿಂದ ಬೇಸಗೆಯಲ್ಲಿಯೂ ಹರಿಯುವ ನೀರಿಗೆ ಹೆಸರಾದುದು. ಬರಗಾಲದ ನಾಡಿನಲ್ಲಿ ಇಂತಹ ಒಂದು ಒರತೆ ಯಾತ್ರಿಕರಿಗೆ ತೀರ್ಥ. ರೆಕ್ಕೆಯ ಜೀವಿಗಳಿಗೆ ಪ್ರಾಣ.

ಈ ಬಿಸಿಲಿನ ಬೆಲೆಯನ್ನು ಚೆನ್ನಾಗಿ ಬಲ್ಲುದು ಟಿಟ್ಟಿಭ. ಗೂಡೆಂಬುದು ಅದಕ್ಕೆ ಹೆಸರಿಗೆ ಮಾತ್ರ. ಬರಿನೆಲದ ತುಸು ತಗ್ಗಿನಲ್ಲಿ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು. ಇತರ ಕಾಲದಲ್ಲಿ ತಾಯಿ ಮೊಟ್ಟೆಗೆ ಶಾಖ ಕೊಟ್ಟರೆ, ಬೇಸಗೆಯ ಮಧ್ಯಾಹ್ನ ಅದರ ಕೆಲಸ ತಿರುವುಮುರುವು: ಮೊಟ್ಟೆ ಬೇಯದಂತೆ ನೆರಳಾಗಿ ನಿಲ್ಲಬೇಕು. ಗಂಡೂ ಹೆಣ್ಣೂ ಸರದಿಯ ಮೇಲೆ ಕಾಯುತ್ತವೆ. ನೀರಿಗೆ ಹೋದ ಹಕ್ಕಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ತೇವದಿಂದ ಮೊಟ್ಟೆಗಳನ್ನು ತಂಪಾಗಿಸುತ್ತದೆ. ಸುಮಾರು ನಾಲ್ಕು ವಾರ ಈ ತಪಸ್ಸು ನಡೆಯಬೇಕು.

ಇಂತಹ ಗೂಡಿನ ಬಳಿ ಕ್ಯಾಮೆರಾ ಹಿಡಿದವರೊಬ್ಬರು ಅರ್ಧ ಗಂಟೆ ನಿಂತರೆ ಏನಾದೀತು? ಟಿಟ್ಟಿಭ ಕೂಗುತ್ತಾ ತಲೆಯ ಮೇಲೆ ಸುತ್ತುತ್ತದೆ. ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ತೆಗೆದ ಚಿತ್ರ ಸೊಗಸಾಗಿಯೇ ಬರಬಹುದು. ಮೊಟ್ಟೆಯೊಳಗಿನ ಜೀವ ಉಳಿಯಲಾರದು. ಅದನ್ನು ನೋಡಲು ಚಿತ್ರಗಾರ ಮರುದಿನ ಅಲ್ಲಿರುವುದಿಲ್ಲ.

ಘೋರ್ಪಡೆ ಮನೆತನದ ಹೆಸರು ಗಜೇಂದ್ರಗಡದ ಕೋಟೆಯೊಡನೆ ಹೆಣೆದುಕೊಂಡಿದೆ. ಅದೇ ಹೆಸರಿನ ಸಂಡೂರು ರಾಜಮನೆತನದ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದಂತೆಯೇ ವನ್ಯಜೀವಿಗಳ ಕಪ್ಪುಬಿಳುಪು ಛಾಯಾಚಿತ್ರಗಳಿಗೂ ಹೆಸರಾದವರು. ಅವರ ಪೀಳಿಗೆಗೆ ಒಂದು ಸುರುಳಿಯಲ್ಲಿ ದೊರೆಯುತ್ತಿದ್ದುದು 36 ಚಿತ್ರಗಳು, ಕಾಯುವುದು ಅನಿವಾರ್ಯವಾಗಿತ್ತು. ಇಂದಿನ ಯಂತ್ರ ಒಂದು ಸೆಕೆಂಡಿಗೇ ಹತ್ತಾರು ಚಿತ್ರಗಳನ್ನು ಹಿಡಿಯುತ್ತದೆ, ಮೊಬೈಲ್ ಫೋನು ಹಕ್ಕಿಯ ದನಿಯನ್ನೇ ನುಡಿಸಿ ಅದನ್ನು ಮೋಸದಿಂದ ಹೊರಗೆ ಕರೆಯುತ್ತದೆ. ಸಲಕರಣೆ ಬೆಳೆದಷ್ಟೂ ತಾಳ್ಮೆ ಕುಗ್ಗುವ ಭಯವುಂಟು.

ಕಾನೂನೂ ಇಲ್ಲಿ ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಕ್ಷಿತ ಹಕ್ಕಿಗಳ ಮೊಟ್ಟೆ-ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಬಂದೂಕು ಬೇಕೆಂದೇನೂ ಇಲ್ಲ.

ಆದುದರಿಂದ ಬೇಸಗೆಯ ರಜೆಯಲ್ಲಿ ಈ ಗುಡ್ಡಗಳನ್ನೇರುವವರು ದುರ್ಬೀನು, ಟೊಪ್ಪಿಗೆ, ಸಾಕಷ್ಟು ಕುಡಿಯುವ ನೀರು ಒಯ್ಯಲಿ. ನೀರಿನ ದಂಡೆಗೆ ಅಂಟಿ ಕೂರದೆ, ದೂರದ ಬಂಡೆಯ ಮರೆಯಲ್ಲಿ ಕುಳಿತುಕೊಳ್ಳಲಿ. ಟಿಟ್ಟಿಭ ತಲೆಯ ಮೇಲೆ ಸುತ್ತಿ ಕೂಗತೊಡಗಿತೆಂದರೆ ಕಾಲ ಕೆಳಗೆ ನೋಡಿಕೊಂಡು, ಬಂದ ದಾರಿಯಲ್ಲಿಯೇ ಹಿಂದಕ್ಕೆ ಸರಿಯಬೇಕು. ಅದು ಕೂಗು ನಿಲ್ಲಿಸಿ ಮೊಟ್ಟೆಗಳ ಮೇಲೆ ಮರಳಿ ಕುಳಿತ ಜಾಗದಿಂದ ಎಷ್ಟು ದೂರದಲ್ಲಿ ನಿಂತಿರುತ್ತಾರೋ, ಅಷ್ಟೇ ಚಿತ್ರ ತೆಗೆಯಲು ಸರಿಯಾದ ದೂರ.