ಆ ಗುಂಡಿಗೊಂದು ಗುರುತು

ಲಗ್ಗೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಸಮುದ್ರ ಅಂದ್ರೆ ಲಾಂಗ್ ವೀಕೆಂಡ್‌ನಲ್ಲಿ ನೋಡಿಬರೋ ಜಾಗ, ಅಷ್ಟೇ. ಕಳೆದ ಡಿಸೆಂಬರ್‌ನಲ್ಲಿ ಇಂಜಿನಿಯರಿಂಗ್ ಗೆಳೆಯನ ಮದುವೆಗೆ ಮಂಗಳೂರಿಗೆ ಹೋಗಿದ್ದೆ. ಮರುದಿನ ಸಂಜೆ ಎಲ್ಲರೂ ಪಣಂಬೂರು ಬೀಚ್‌ನಲ್ಲಿ ಕೂತಿದ್ವಿ. ಕತ್ತಲಾಗ್ತಿದ್ದ ಹಾಗೆ ದೂರದಲ್ಲಿ ನೀರಿನ ಮೇಲೆ ಕೆಂಪು, ಹಸಿರು ದೀಪಗಳು ಮಿನುಗೋಕೆ ಶುರುವಾದವು.

"ಏನೋ ಅದು, ಸಮುದ್ರದಲ್ಲೂ ಟ್ರಾಫಿಕ್ ಸಿಗ್ನಲ್ಲಾ?" ಅಂದೆ.

ಗೆಳೆಯನ ಸೋದರಮಾವ ನಕ್ಕರು. ಮೀನುಗಾರಿಕೆ ಬೋಟಿನಲ್ಲಿ ವರ್ಷಗಟ್ಟಲೆ ತಾಂಡೇಲರಾಗಿ ಬೋಟ್ ನಡೆಸಿದವರು ಅವರು. "ಅದು ಬಾಯ್ ಮಾರಾಯ. ಕೆಂಪು ಅಂದ್ರೆ ಅಲ್ಲಿ ನಿಲ್ಲುದಲ್ಲ. ನನ್ನನ್ನು ಎಡಕ್ಕೆ ಬಿಟ್ಟು ಹೋಗು ಅಂತ ಹೇಳುದು."

ಬಾಯ್ ಅಂದ್ರೆ ತೇಲುವ ಗುರುತು. ಉಕ್ಕಿನದೋ ಪ್ಲಾಸ್ಟಿಕ್‌ನದೋ ಟೊಳ್ಳು ಡಬ್ಬ, ಮೇಲೊಂದು ದೀಪ, ಕೆಳಗೆ ಉದ್ದನೆಯ ಸರಪಳಿ, ಸಮುದ್ರದ ತಳದಲ್ಲಿ ಅದನ್ನು ಹಿಡಿದಿಟ್ಟ ಭಾರ. ಇದು ಯಾಕೆ ಬೇಕು? ಪಣಂಬೂರಿನ ನವಮಂಗಳೂರು ಬಂದರು ನೆಲ ತೋಡಿ ಮಾಡಿದ ಬಂದರು. ದೊಡ್ಡ ಹಡಗು ಅಲ್ಲಿಗೆ ಬರಬೇಕಾದರೆ ಹೂಳೆತ್ತಿ ಆಳ ಮಾಡಿದ ಸುಮಾರು ಏಳು ಕಿಲೋಮೀಟರ್ ಉದ್ದದ ದಾರಿಯಲ್ಲೇ ಬರಬೇಕು. ಮೇಲಿಂದ ನೋಡಿದ್ರೆ ಎಲ್ಲ ಕಡೆ ಒಂದೇ ನೀರು. ಆಳ ಎಲ್ಲಿ, ಮರಳು ಎಲ್ಲಿ ಅಂತ ಕಣ್ಣಿಗೆ ಗೊತ್ತಾಗಲ್ಲ. ಆ ಕಾಣದ ರಸ್ತೆಯ ಅಂಚನ್ನು ಬಾಯ್‌ಗಳು ತೋರಿಸುತ್ತವೆ. ನಮ್ಮಲ್ಲಿ ಸಮುದ್ರದಿಂದ ಬಂದರಿಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕ, ಜಪಾನ್‌ನಲ್ಲಿ ಸರಿಯಾಗಿ ಉಲ್ಟಾ! ಹಳದಿ ಕಪ್ಪು ಬಣ್ಣದವು ಅಪಾಯದ ಯಾವ ದಿಕ್ಕಿನಿಂದ ಸುರಕ್ಷಿತವಾಗಿ ಹೋಗಬಹುದು ಅಂತ ಹೇಳುತ್ತವೆ. ಸುತ್ತ ಆಳವಾದ ನೀರು, ಮಧ್ಯೆ ಒಂದೇ ಒಂದು ಬಂಡೆ ಇದ್ದರೆ ಅದರ ಮೇಲೆ ಕಪ್ಪು ಮೈಗೆ ಕೆಂಪು ಪಟ್ಟಿ, ತಲೆ ಮೇಲೆ ಎರಡು ಕಪ್ಪು ಗುಂಡು ಇರೋ ಗುರುತು. 'ಇಲ್ಲೊಂದು ಅಪಾಯ ಇದೆ' ಅಂತ ಅದರ ಅರ್ಥ.

ಅದನ್ನು ಕೇಳ್ತಿದ್ದ ಹಾಗೆ ನನಗೆ ನಮ್ಮ ಬೀದಿಯ ಗುಂಡಿ ನೆನಪಾಯ್ತು.

ಅದಕ್ಕೂ ಒಂದು ವರ್ಷ ಮೊದಲು, ಸೆಪ್ಟೆಂಬರ್ ತಿಂಗಳು. ರಿಂಗ್ ರೋಡ್ ಬಿಟ್ಟು ನಮ್ಮ ಬೀದಿಗೆ ತಿರುಗೋ ಕಡೆ ಯಾರೋ ಅಗೆದು ಹಾಗೇ ಬಿಟ್ಟಿದ್ರು. ಬೆಳಗ್ಗೆ ನೋಡಿದೆ. ಬೈಕ್ ಸ್ವಲ್ಪ ಪಕ್ಕಕ್ಕೆ ಎಳೆದು ಮುಂದೆ ಹೋದೆ. ಒಂಬತ್ತೂವರೆಗೆ ಮೀಟಿಂಗ್ ಇತ್ತು. ಸಂಜೆ ಜೋರು ಮಳೆ. ಪೀಣ್ಯದ ವರ್ಕ್‌ಶಾಪ್‌ನಿಂದ ಅಪ್ಪ ಸ್ಕೂಟರ್‌ನಲ್ಲಿ ಬರೋ ಹೊತ್ತಿಗೆ ರಸ್ತೆ ತುಂಬ ನೀರು, ಗುಂಡಿ ಎಲ್ಲಿ ಅಂತ ಕಾಣ್ತಿರಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು. ಮೂವತ್ತು ವರ್ಷ ಲೇಥ್ ಮೆಷಿನ್ ಹಿಡಿದ ಕೈ. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೊದಲಿನ ಹಿಡಿತ ಬರಲಿಲ್ಲ. ಈಗ ಅಪ್ಪ ಅದೇ ವರ್ಕ್‌ಶಾಪ್‌ನ ಸ್ಟೋರ್‌ನಲ್ಲಿ ಕೂತು ಲೆಕ್ಕ ಬರೀತಾರೆ. ಮರುದಿನ ಬೆಳಗ್ಗೆ ಯಾರೋ ಆ ಗುಂಡಿಗೆ ಹಳೇ ಡ್ರಮ್ ಇಟ್ಟು, ಕೆಂಪು ಬಟ್ಟೆ ಕಟ್ಟಿದ್ರು. ನಾನು ಮೊದಲೇ ಆ ಗುಂಡಿ ನೋಡಿದ್ದೆ ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಊರಿಗೆ ವಾಪಸ್ ಬಂದ ಮೇಲೆ ಬಾಯ್ ಬಗ್ಗೆ ಓದ್ತಾ ಹೋದೆ. 1971ರ ಜನವರಿಯಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಲ್ಲಿ 'ಟೆಕ್ಸಾಕೊ ಕೆರಿಬಿಯನ್' ಎಂಬ ಟ್ಯಾಂಕರ್ ಡಿಕ್ಕಿಯಾಗಿ ಮುಳುಗಿತು. ಮರುದಿನವೇ 'ಬ್ರಾಂಡೆನ್‌ಬರ್ಗ್' ಎಂಬ ಹಡಗು ಅದರ ಅವಶೇಷಕ್ಕೆ ಬಡಿದು ಮುಳುಗಿತು. ಆಮೇಲೆ ಅಲ್ಲಿ ಗುರುತಿನ ದೀಪಗಳನ್ನು ಇಟ್ಟರು. ಆದರೂ ಫೆಬ್ರವರಿಯಲ್ಲಿ 'ನಿಕಿ' ಎಂಬ ಮೂರನೇ ಹಡಗು ಅಲ್ಲೇ ಮುಳುಗಿತು. ಒಟ್ಟು 51 ಜನ ಸತ್ತರು. ಆಗ ಜಗತ್ತಿನಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಬಾಯ್ ಪದ್ಧತಿಗಳಿದ್ದವು. ಒಂದು ಕಡೆಯ ಗುರುತಿಗೆ ಇನ್ನೊಂದು ಕಡೆ ಬೇರೆಯೇ ಅರ್ಥ. 1980ರಲ್ಲಿ 50 ದೇಶದವರು ಟೋಕಿಯೊದಲ್ಲಿ ಸೇರಿ ಒಂದು ನಿಯಮಾವಳಿಗೆ ಒಪ್ಪಿದರು. ಎಡ ಬಲದ ಬಣ್ಣದಲ್ಲಿ ಮಾತ್ರ ಎರಡು ಗುಂಪು ಹಾಗೇ ಉಳಿಯಿತು.

ಅಂದು ರಾತ್ರಿ ಊಟ ಆದ ಮೇಲೆ ಅಪ್ಪನ ಹತ್ತಿರ ಕೂತು ಹೇಳಿಬಿಟ್ಟೆ. "ಅಪ್ಪ, ಆ ಗುಂಡೀನ ನಾನು ಬೆಳಗ್ಗೇನೇ ನೋಡಿದ್ದೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ನಾನೂ ನೋಡಿದ್ದೆ ಕಣೋ. ಕೆಲಸಕ್ಕೆ ಹೋಗೋವಾಗ ಸುತ್ತಿಕೊಂಡೇ ಹೋದೆ. ಸಂಜೆ ನೀರಲ್ಲಿ ಎಲ್ಲಿದೆ ಅಂತ ಗೊತ್ತಾಗಲಿಲ್ಲ" ಅಂದ್ರು.

ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ. ಗುರುತು ಇರೋದು ಊರಿಗೆ ಹೊಸಬರಿಗೆ ಅಂತ ನಾನು ಅಂದ್ಕೊಂಡಿದ್ದೆ. ಅಪಾಯ ಅಲ್ಲೇ ಇದೆ ಅಂತ ಚೆನ್ನಾಗಿ ಗೊತ್ತಿದ್ದವರಿಗೂ ಕತ್ತಲಲ್ಲಿ, ಮಳೆಯಲ್ಲಿ ಅದು ಬೇಕು. ಬೆಳಗ್ಗೆ ನೋಡಿದ ನಾವಿಬ್ಬರೂ ಐದೈದು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಮೊನ್ನೆ ಮೇ ತಿಂಗಳ ಮಳೆಗೆ ಪಕ್ಕದ ಕ್ರಾಸ್‌ನಲ್ಲಿ ಚರಂಡಿಯ ಕಲ್ಲು ಚಪ್ಪಡಿ ಕುಸಿದಿತ್ತು. ದೂರು ಕೊಟ್ಟೆ, ಫೋಟೊ ಹಾಕಿದೆ. ಸರಿಪಡಿಸೋಕೆ ಅವರು ಬರೋವರೆಗೆ ಇರಲಿ ಅಂತ ಮನೆಯ ಮುರಿದ ಪ್ಲಾಸ್ಟಿಕ್ ಕುರ್ಚಿ ತಗೊಂಡು ಹೊರಟೆ. ಅಪ್ಪ ಬಾಗಿಲಿಂದಲೇ ಕೂಗಿದ್ರು: "ಹಾಗೇ ಇಡಬೇಡ. ಕಾಲಿಗೆ ಕಲ್ಲು ಕಟ್ಟು, ಇಲ್ಲಾಂದ್ರೆ ನೀರಿಗೆ ತೇಲಿಹೋಗುತ್ತೆ."

ಆಮೇಲೆ ತಾವೇ ಕೆಳಗೆ ಬಂದು, ಎಡಗೈಯಲ್ಲಿ ಹಗ್ಗ ಬಿಗಿದರು.