ಸೋರಿಕೆ, ಚೋರ್ಚ

ನಮ್ಮ ಕಾಸರಗೋಡಿನವರ ಸಣ್ಣಪುಟ್ಟ ಕಾಯಿಲೆಗೆ ಊರಿನ ಡಾಕ್ಟರು ಸಾಕು. ದೊಡ್ಡದಾದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಲೇಬೇಕು. 2020ರ ಮಾರ್ಚ್ ಕೊನೆಗೆ ಕೊರೋನಾ ಕಾಲದಲ್ಲಿ ಆ ದಾರಿ ಮುಚ್ಚಿದಾಗ, ಸುಮಾರು 50 ಕಿಲೋಮೀಟರ್ ಎಂದರೆ ಎಷ್ಟು ದೂರವೆಂಬುದು ನಮಗೆಲ್ಲ ಅರ್ಥವಾಯಿತು. ಹಾಗಾಗಿ ಬೇಂಕಿನ ಗುಮಾಸ್ತನಾದ ನನಗೆ 11 ವರ್ಷದ ಹಳೆಯ ಕಾರು ಶೋಕಿಯ ವಸ್ತುವಲ್ಲ. ಬೆನ್ನಿನ ಶಸ್ತ್ರಕ್ರಿಯೆಯಾದ ಅಮ್ಮನನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಮುಟ್ಟಿಸುವುದು ಅದೇ.

ಕಳೆದ ಮಳೆಗಾಲದಲ್ಲಿ ಈ ಕಾರು ನಡುಗತೊಡಗಿತು. ಓಡುವಾಗ ಏನೂ ಇಲ್ಲ. ನಿಂತರೆ, ಅದರಲ್ಲೂ ಎ.ಸಿ. ಹಾಕಿ ನಿಂತರೆ, ಸ್ಟಿಯರಿಂಗು, ಸೀಟು ಎಲ್ಲ ಗಡಗಡ. ಎಂಜಿನ್ ಆಫ್ ಮಾಡುವಾಗ ಮುಂದೆ ‘ಧಡ್’ ಎಂಬ ಸದ್ದು. “ಇದಕ್ಕೆ ಚಳಿಜ್ವರ ಬಂದ ಹಾಗೆ ಉಂಟಲ್ಲ ಮಗಾ” ಎಂದರು ಅಮ್ಮ, ಸೊಂಟ ಹಿಡಿದುಕೊಂಡು.

ಪೇಟೆಯ ದೊಡ್ಡ ವರ್ಕ್‌ಶಾಪೊಂದರಲ್ಲಿ ಗೇರ್‌ಬಾಕ್ಸ್ ಬಿಚ್ಚಬೇಕೆಂದು 35 ಸಾವಿರದ ಲೆಕ್ಕ ಬರೆದುಕೊಟ್ಟರು. ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟದ್ದು ಹೆಚ್ಚುಕಡಿಮೆ ಅಷ್ಟೇ. ಬೇಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಇಡೀ ಲೆಜರನ್ನು ಹೊಸತಾಗಿ ಬರೆಯುವುದಿಲ್ಲ. ಮೊದಲು ಆ ದಿನದ ವೋಚರುಗಳನ್ನು ನೋಡುತ್ತೇವೆ. ಅದೇ ಅಭ್ಯಾಸಬಲದಿಂದ ನಮ್ಮೂರಿನ ಮೆಕ್ಯಾನಿಕರ ಶೆಡ್ಡಿಗೆ ಹೋದೆ. ಅವರ ಮನೆಮಾತು ಮಲಯಾಳ.

ಅವರು ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ನೋಡಿದರು. ಒಂದು ಸಿಲಿಂಡರು ಸರಿಯಾಗಿ ಕೆಲಸ ಮಾಡದಿದ್ದರೂ ಇಂಥದೇ ನಡುಕ ಬರುತ್ತದೆ. ಅವು ಸರಿಯಿದ್ದವು. ಬಳಿಕ ಬಾನೆಟ್ ಎತ್ತಿ, ನನ್ನನ್ನು ಸೀಟಿನಲ್ಲಿ ಕೂರಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಬ್ರೇಕ್ ಒತ್ತಿಹಿಡಿದು ಮೊದಲ ಗೇರಿನಲ್ಲಿ ಕ್ಲಚ್ ಒಂದಿಷ್ಟೇ ಬಿಡಲು ಹೇಳಿದರು. ತಾವು ಕಾರಿನ ಎದುರು ನಿಲ್ಲದೆ ಬದಿಯಲ್ಲಿ ನಿಂತರು. ಎಂಜಿನು ಒಂದು ಪಕ್ಕದಲ್ಲಿ ಕುಪ್ಪಳಿಸಿತು. ಅಲ್ಲಿನ ಮೌಂಟಿಂಗಿನ ಕೆಳಗೆ ಟಾರ್ಚು ಬಿಟ್ಟರೆ ಕಪ್ಪು ಕಲೆ.

“ಚೋರುನ್ನುಂಡ್ ಸಾರೇ” ಎಂದರು.

ಮೇಲಿನಿಂದ ಎಂಜಿನ್ ಆಯಿಲ್ ಬಿದ್ದದ್ದೂ ಇರಬಹುದಲ್ಲ? ಅದಕ್ಕಾಗಿ ಎಲ್ಲ ಒರೆಸಿ, ನಾಲ್ಕು ದಿನ ಓಡಿಸಿ ಬರಹೇಳಿದರು. ಬಂದು ನೋಡಿದರೆ ಮೇಲೆಲ್ಲ ಒಣಗಿತ್ತು. ಕಲೆ ಮಾತ್ರ ಪುನಃ ಅಲ್ಲೇ.

ಎಂಜಿನು ಕಾರಿನ ಒಡಲಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ; ನಡುವೆ ರಬ್ಬರಿನ ಮೌಂಟಿಂಗುಗಳಿರುತ್ತವೆ. ಕೆಲವು ಕಾರುಗಳಲ್ಲಿ ಇವುಗಳ ಒಳಗೆ ಎರಡು ಅರೆಗಳು, ಅವುಗಳ ನಡುವೆ ಒಂದು ಸಪೂರ ದಾರಿ, ತುಂಬ ಗ್ಲೈಕಾಲ್ ಬೆರೆತ ದ್ರವ. ಎಂಜಿನು ಅದುರಿದಾಗ ದ್ರವ ಆ ದಾರಿಯಲ್ಲಿ ಅತ್ತಿತ್ತ ನುಗ್ಗಿ, ಅದುರಿಕೆಯ ಬಲವನ್ನು ತಾನು ತಿನ್ನುತ್ತದೆ. ಕಾಲಕ್ರಮದಲ್ಲಿ ರಬ್ಬರು ಬಿರಿದು ದ್ರವ ಸೋರಿದರೆ ಎಂಜಿನು ಆ ಕಡೆಗೆ ಕುಸಿಯುತ್ತದೆ, ಉಳಿದ ಮೌಂಟಿಂಗುಗಳ ಮೇಲೆ ಹೊರೆ ಬೀಳುತ್ತದೆ. ಸೋರಿದ್ದನ್ನು ಪುನಃ ತುಂಬಿಸುವ ಕ್ರಮವಿಲ್ಲ, ಇಡಿಯಾಗಿ ಬದಲಿಸಬೇಕು. ದ್ರವವಿಲ್ಲದ ಬರೇ ರಬ್ಬರಿನದು ಅಗ್ಗಕ್ಕೆ ಸಿಗುತ್ತದೆ. ಅದನ್ನು ಹಾಕಿದರೆ ‘ಧಡ್’ ಸದ್ದು ನಿಂತೀತು, ನಿಂತಲ್ಲಿನ ನಡುಕ ಪೂರ್ತಿ ಹೋಗದು. ಅಮ್ಮನ ಬೆನ್ನನ್ನು ನೆನೆದು ದ್ರವದ್ದನ್ನೇ ತರಿಸಿದೆ.

ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಬ್ಯಾಟರಿಯ ವಯರು ಕಳಚಿದರು. ಆಯಿಲ್ ಪ್ಯಾನ್ ನಜ್ಜದಂತೆ ಜಾಕಿನ ಮೇಲೊಂದು ಮರದ ಹಲಗೆಯಿಟ್ಟು, ಎಂಜಿನಿನ ಭಾರ ತಾಳುವಷ್ಟು ಮಾತ್ರ ಎತ್ತಿದರು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಕೈಯಿಂದ ತಿರುಗಿಸಿ ಬಿಟ್ಟರು. ಎಂಜಿನು ತನ್ನ ಜಾಗದಲ್ಲಿ ಕುಳಿತ ಮೇಲೆಯೇ ಟಾರ್ಕ್ ರೆಂಚಿನಿಂದ ಕಂಪೆನಿ ಹೇಳಿದ ಅಳತೆಗೆ ಬಿಗಿದರು. ಉಳಿದ ಮೌಂಟಿಂಗುಗಳನ್ನೂ ಪರೀಕ್ಷಿಸಿದರು. ಸಾಮಾನು, ಕೂಲಿ ಸೇರಿ ಆರು ಸಾವಿರದೊಳಗೆ ಮುಗಿಯಿತು. ಮಗಳ ಫೀಸು ಉಳಿಯಿತು.

ಕೆಲಸದ ನಡುವೆ ಮಾತಿಗೆ ಬರವಿರಲಿಲ್ಲ. ಕನ್ನಡದಲ್ಲಿ ಚೋರನೆಂದರೆ ಕಳ್ಳ, ಮಲಯಾಳದಲ್ಲಿ ಚೋರವೆಂದರೆ ನೆತ್ತರು ಎಂದು ನಾನು ಹೇಳಿದಾಗ ಅವರು ಬಿದ್ದುಬಿದ್ದು ನಕ್ಕರು. ಆದರೆ ನಮ್ಮ ‘ಸೋರು’ ಮತ್ತು ಅವರ ‘ಚೋರು’ ಒಂದೇ ಬೇರಿನ ಮಾತುಗಳು. ಮಾಡು ಸೋರಿದರೂ ಮೌಂಟಿಂಗು ಸೋರಿದರೂ ಇಬ್ಬರಿಗೂ ಅರ್ಥ ಹೇಳುವ ಅಗತ್ಯ ಬೀಳಲಿಲ್ಲ.

ನಿಂತಲ್ಲಿ ನಡುಗುವ ಕಾರು ನಿಮ್ಮ ಅಂಗಳದಲ್ಲೂ ಇದ್ದೀತು. ಗೇರ್‌ಬಾಕ್ಸ್ ಬಿಚ್ಚಲು ಒಪ್ಪುವ ಮೊದಲು ಬಾನೆಟ್ ಎತ್ತಿ, ಒಂದು ಟಾರ್ಚು ಬಿಟ್ಟು ನೋಡಿಸಿ. ಯಾವ ಭಾಷೆಯವರು ನೋಡಿದರೂ ಸರಿ, ಸಾವಧಾನವಾಗಿ ನೋಡುವವರಾದರೆ ಸಾಕು.